ಕಣಿವೆಯನ್ನು ಕರೆದ ಚಾಚಾ

ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೇ ಮೊದಲು. ತೀರಿಹೋದವರ ನೆನಪನ್ನು ಹೇಗೆ ಬರೆಯಬೇಕೆಂದು ಕೇಳಿ ತಿಳಿಯಲು ಮನೆಯಲ್ಲಿ ಯಾರೂ ಇರಲಿಲ್ಲ. ಹೇಳುವುದರಲ್ಲಿ ಹೆಚ್ಚುಕಡಿಮೆಯಾದರೆ ಓದುಗರು ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ಊರವರೆಲ್ಲ ಚಾಚಾ ಎಂದೇ ಕರೆಯುತ್ತಿದ್ದವರ ಬಲಗೈ ಹೆಬ್ಬೆರಳು ತುದಿಯಲ್ಲಿ ಚಪ್ಪಟೆಯಾಗಿ, ಹೊಳೆಯುವಷ್ಟು ನುಣುಪಾಗಿತ್ತು. ವರ್ಷಾನುಗಟ್ಟಲೆ ವೈರ್‌ಲೆಸ್ ಮೈಕಿನ ಬಟನ್ ಒತ್ತಿ ಒತ್ತಿ ಹಾಗಾಗಿತ್ತು. ಒತ್ತಿದರೆ ನಾವು ಮಾತಾಡಬಹುದು, ಬಿಟ್ಟರಷ್ಟೇ ಆ ಕಡೆಯವರ ಮಾತು ಕೇಳಿಸುತ್ತದೆ. ಚಹಾದಂಗಡಿಯಲ್ಲಿ ಕುಳಿತಾಗಲೂ ಮಾತು ಆರಂಭಿಸುವ ಮುನ್ನ ಅವರು ಗ್ಲಾಸಿನ ಮೇಲೆ ಹೆಬ್ಬೆರಳು ಒತ್ತುತ್ತಿದ್ದರು. ಮಾತು ಮುಗಿದೊಡನೆ ಬೆರಳೆತ್ತಿ ಎದುರಿನವರ ಉತ್ತರಕ್ಕೆ ಕಾಯುತ್ತಿದ್ದರು. ಮಾತು ಉದ್ದವಾದಾಗ ಅಂಗಡಿಯವನು ಚೇಷ್ಟೆ ಮಾಡುತ್ತಿದ್ದ: “ಚಾಚಾ, ಬಟನ್ ಬಿಡ್ರಿ, ನಾವೂ ಒಂದೀಟು ಮಾತಾಡ್ತೀವಿ!”

ಗದಗ ಹೊಸ ಜಿಲ್ಲೆಯಾದ ಮೇಲೆ ಅವರು ಕಪ್ಪತಗುಡ್ಡದ ಬುಡದಲ್ಲಿರುವ ನಮ್ಮ ಊರಿನ ಅರಣ್ಯ ಕಚೇರಿಗೆ ವೈರ್‌ಲೆಸ್ ಆಪರೇಟರ್ ಆಗಿ ಬಂದರು. ಮನೆ ಲಕ್ಷ್ಮೇಶ್ವರದಲ್ಲಿತ್ತು, ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ನಮ್ಮ ತಂದೆ ಬೇಸಿಗೆಯಲ್ಲಿ ಗುಡ್ಡದ ಮೇಲೆ ಬೆಂಕಿ ಕಾಯುವ ಕೆಲಸಕ್ಕೆ ಹೋಗುತ್ತಿದ್ದುದರಿಂದ, ಅವರ ಕ್ಷೇಮ ಸಮಾಚಾರವೆಲ್ಲ ಚಾಚಾ ಅವರ ಬಾಯಿಂದಲೇ ನಮಗೆ ತಲುಪುತ್ತಿತ್ತು. ತಂದೆ ಇರುತ್ತಿದ್ದ ಕಾವಲು ಜಾಗಕ್ಕೆ ವೈರ್‌ಲೆಸ್‌ನಲ್ಲಿ ಕಣಿವೆ ಎಂದೇ ಹೆಸರು.

ನಾನು ಕಾಲೇಜಿಗೆ ಸೇರಿದವಳೆಂದು ಅವರಿಗೆ ನನ್ನ ಮೇಲೆ ವಿಶೇಷ ಅಭಿಮಾನ. ಒಮ್ಮೆ ಕಚೇರಿಯ ಕಿಟಕಿಯಿಂದ ಗುಡ್ಡ ತೋರಿಸಿ ಹೇಳಿದರು: “ನೋಡು ತಂಗಿ, ನಮ್ಮ ಅಲೆ ಸೀದಾ ಹೋಗತೈತಿ. ಗುಡ್ಡ ಅಡ್ಡ ಬಂತಂದ್ರ ಬಳಸಿ ಹೋಗೂದಿಲ್ಲ. ಅದಕ್ಕ ತುದಿ ಮ್ಯಾಲೆ ಒಂದು ರಿಪೀಟರ್ ಕುಂದರಿಸ್ಯಾರ. ನಾ ಅಂದದ್ದನ್ನ ಅದು ಕೇಳಿ, ಆ ಕಡೆ ಇದ್ದವರಿಗೆ ಹೇಳತೈತಿ.” ಅಗ್ನಿಶಾಮಕ ದಳದವರ ಬಳಿಯೂ ವೈರ್‌ಲೆಸ್ ಸೆಟ್ ಇರುತ್ತದಲ್ಲ, ಅವರೊಡನೆ ಮಾತನಾಡಬಹುದೇ ಎಂದು ಕೇಳಿದೆ. “ಅವರ ಫ್ರೀಕ್ವೆನ್ಸಿ ಬ್ಯಾರೆ. ಬಾಜೂಕ ನಿಂತ್ರ ಬಾಯಿಲೆ ಮಾತಾಡಬೇಕು, ಸೆಟ್ಟಿನ್ಯಾಗ ಅಲ್ಲ,” ಎಂದು ನಕ್ಕರು.

ಗುಡ್ಡದ ಮೇಲೆ ಕರೆಂಟ್ ಇರಲಿಲ್ಲ. ಬ್ಯಾಟರಿ ಉಳಿಯಲೆಂದು ಚಾಚಾ ಕಾವಲಿನವರಿಗೆಲ್ಲ ಒಂದು ರೂಢಿ ಹಾಕಿಕೊಟ್ಟಿದ್ದರು. ಗಂಟೆಗೊಮ್ಮೆ ಸೆಟ್ ಚಾಲೂ ಮಾಡಿ ಎಲ್ಲ ಸುರಕ್ಷಿತವೆಂದು ಖಬರು ಹೇಳಬೇಕು, ಕೂಡಲೇ ಬಂದ್ ಮಾಡಬೇಕು. ತಂದೆ ಅದನ್ನು ವ್ರತದಂತೆ ಪಾಲಿಸುತ್ತಿದ್ದರು.

ಅದು ಶಿವರಾತ್ರಿ ಕಳೆದ ಮೇಲಿನ ಬಿಸಿಲು. ಗುಡ್ಡಕ್ಕೆ ಹೋಗುವ ಜೀಪಿನಲ್ಲಿ ತಂದೆಗೆ ರೊಟ್ಟಿಯ ಗಂಟು ಕಳಿಸಲು ಅವ್ವ ಮತ್ತು ನಾನು ಕಚೇರಿಗೆ ಹೋಗಿದ್ದೆವು. ಮಧ್ಯಾಹ್ನದ ಖಬರು ಹೇಳಿ ತಂದೆ ಆಗಷ್ಟೇ ಸೆಟ್ ಬಂದ್ ಮಾಡಿದ್ದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಕಾವಲಿನವನ ದನಿ ಒದರಿತು. ಒಣಹುಲ್ಲಿಗೆ ಬೆಂಕಿ ಬಿದ್ದಿದೆ, ಗಾಳಿ ತಿರುಗಿದೆ, ಬೆಂಕಿ ಕಣಿವೆಯ ಕಡೆಗೇ ಹೊರಟಿದೆ ಎಂದು.

ಚಾಚಾ ಮೈಕ್ ಎತ್ತಿದರು. “ಕಣಿವಿ, ಕಣಿವಿ, ಕೇಳಸಾಕತ್ತೈತೇನು?” ಬೆರಳೆತ್ತಿ ಕಾದರು. ಮತ್ತೆ ಕರೆದರು.

“ಅಷ್ಟೊತ್ತಿನಿಂದ ಕರಿಯಾಕತ್ತೀರಿ, ಯಾಕ್ರಿ ಮಾತಾಡವಲ್ಲರು?” ಎಂದಳು ಅವ್ವ.

“ಸೆಟ್ ಬಂದ್ ಐತವ್ವಾ,” ಎಂದರು ಚಾಚಾ. “ಬಂದ್ ಮಾಡ್ರಿ ಅಂತ ಹೇಳಿದಾಂವ ನಾನ.”

ಬಂದಾದ ಸೆಟ್ಟನ್ನು ಅವರು ಮುಂದಿನ ಗಂಟೆಯವರೆಗೂ ಕರೆಯುತ್ತಲೇ ಇದ್ದರು. ಅಷ್ಟರಲ್ಲಿ ಫೋನ್ ಮಾಡಿ ಕರೆಸಿದ್ದ ಅಗ್ನಿಶಾಮಕದ ಗಾಡಿ ಬಂದು ಗುಡ್ಡದ ತಿರುವಿನಲ್ಲಿ ನಿಂತದ್ದು ಕಿಟಕಿಯಿಂದ ಕಾಣಿಸಿತು. ಯಾವ ಕಡೆ ಹೋಗಬೇಕೆಂದು ಅವರಿಗೆ ತಿಳಿಸಲು ಚಾಚಾ ಒಬ್ಬ ಗಾರ್ಡ್‌ನನ್ನು ಸೈಕಲ್ಲಿನ ಮೇಲೆ ಓಡಿಸಿದರು.

ಗಂಟೆಯಾಯಿತು. “ಹೇಳ್ರಿ ಚಾಚಾ,” ಎಂದಿತು ತಂದೆಯ ದನಿ. ಅವ್ವ ನನ್ನ ಕೈ ಹಿಡಿದಳು.

“ಗಾಳಿ ತಿರಗೈತಿ! ಕೆಳಗ ಇಳೀಬ್ಯಾಡೋ ಅಣ್ಣಾ. ಸುಟ್ಟು ಕರ್ರಗಾದ ಜಾಗಾಕ್ಕ ದಾಟು, ಅಲ್ಲೇ ನಿಂದರು. ಸುಟ್ಟದ್ದು ಮತ್ತ ಸುಡೂದಿಲ್ಲ.”

“ಹೊಗಿ ಬಾಳ ಐತ್ರಿ, ಹಾದಿನ ಕಾಣ...” ಅಲ್ಲಿಗೆ ದನಿ ಕಡಿಯಿತು.

ಚಾಚಾ ಬಟನ್ ಒತ್ತಿ ಬಿಟ್ಟರು. ಪ್ರತಿ ಸಲ ಬೆರಳೆತ್ತಿದಾಗ ರಿಪೀಟರಿನಿಂದ ಕಿರ್ ಎಂದು ಮರಳಿ ಬರುತ್ತಿದ್ದ ಸಣ್ಣ ಸದ್ದು ಬರಲಿಲ್ಲ. ಬೆಂಕಿ ತುದಿಯನ್ನೂ ಮುಟ್ಟಿ ರಿಪೀಟರ್ ಸತ್ತಿತ್ತು. ಯಾರಿಗೂ ಮೈಕ್ ಮುಟ್ಟಗೊಡದಿದ್ದ ಮನುಷ್ಯ ಅದನ್ನು ಅವ್ವನ ಕೈಗೆ ಕೊಟ್ಟು, “ನೀ ಮಾತಾಡವ್ವಾ,” ಎಂದರು.

ಅವ್ವ ಅದುವರೆಗೆ ಫೋನಿನಲ್ಲಿ ಕೂಡ ಮಾತನಾಡಿದವಳಲ್ಲ. ಬಟನ್ ಒತ್ತಿ, “ಊಟ ಮಾಡೀರೇನ್ರಿ?” ಎಂದಳು. ಬೆರಳು ಮಾತ್ರ ಎತ್ತಲಿಲ್ಲ. ಒತ್ತಿಕೊಂಡೇ ಉತ್ತರಕ್ಕೆ ಕಾದಳು. ಬೆರಳು ಎತ್ತದಿದ್ದರೆ ಆ ಕಡೆಯ ಮಾತು ಕೇಳಿಸದೆಂದು ಹೊಸಬರನ್ನೆಲ್ಲ ಗದರಿಸುತ್ತಿದ್ದ ಚಾಚಾ, ಅಂದು ಅವಳ ಬೆರಳನ್ನು ಬಿಡಿಸಲಿಲ್ಲ. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತರು. ಉತ್ತರ ಬಾರದಿರುವುದಕ್ಕೆ ತನ್ನ ಬೆರಳು ಕಾರಣವೆಂದಾದರೂ ಅವಳು ತಿಳಿಯಲಿ ಎಂದುಕೊಂಡರೋ, ಅಥವಾ ಅವಳ ಕೈಯಿಂದ ಅದನ್ನು ತೆಗೆದುಕೊಳ್ಳುವ ಶಕ್ತಿ ಅವರಲ್ಲಿ ಉಳಿದಿರಲಿಲ್ಲವೋ, ನನಗೆ ಇಂದಿಗೂ ತಿಳಿದಿಲ್ಲ.

ಸಂಜೆ ತಂದೆಯನ್ನು ಹೊತ್ತು ತಂದರು. ಸುಟ್ಟ ಕರಿನೆಲಕ್ಕೆ ಇನ್ನೇನು ಕಾಲಿಡುವಷ್ಟರಲ್ಲಿ ಹೊಗೆ ಕಟ್ಟಿ ಉಸಿರು ಹೋಗಿತ್ತು. ಮೈ ಸುಟ್ಟಿರಲಿಲ್ಲ.

ತಂದೆಯ ಮಣ್ಣಾದ ಮೇಲೊಂದು ದಿನ ಚಾಚಾ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತರು. ಅವ್ವ ಕೇಳಿದಳು: “ನಾ ಕೇಳಿದ್ದು ಅವರಿಗೆ ಮುಟ್ಟಿತೇನ್ರಿ?”

ಹೌದೆಂದು ಒಂದು ಮಾತು ಹೇಳಿಬಿಡಬಾರದೇ ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ. ಅವರು ಕಟ್ಟೆಯ ಕಲ್ಲಿನ ಮೇಲೆ ಹೆಬ್ಬೆರಳು ಒತ್ತಿದರು.

“ಇಲ್ಲವ್ವಾ,” ಎಂದರು ಕಡೆಗೆ. “ಮುಟ್ಟಲಿಲ್ಲ.”

ಅವ್ವ ಆಗ ಮೊದಲ ಸಲ ಗಟ್ಟಿಯಾಗಿ ಅತ್ತಳು. ಅಲ್ಲಿಯವರೆಗೆ ಅವಳು ತಂದೆಯ ಉತ್ತರ ಇನ್ನೂ ಬರಬಹುದೆಂಬಂತೆಯೇ ಇದ್ದಳು.

ಆ ಬೇಸಿಗೆ ಮುಗಿಯುವ ಮೊದಲೇ ಚಾಚಾ ತಮ್ಮ ರೂಢಿಯನ್ನು ಕಿತ್ತುಹಾಕಿದರು. ಪ್ರತಿ ಕಾವಲಿಗೂ ಇನ್ನೊಂದು ಬ್ಯಾಟರಿ ಬೇಕೆಂದು ಮೇಲಿನವರ ಬೆನ್ನುಹತ್ತಿ, ಸೆಟ್ಟುಗಳು ಹಗಲಿಡೀ ಚಾಲೂ ಇರುವಂತೆ ಮಾಡಿದರು. ನಿವೃತ್ತರಾದ ಮೇಲೆ ಲಕ್ಷ್ಮೇಶ್ವರದಲ್ಲೇ ತೀರಿಕೊಂಡರು. ನನಗೆ ಖಬರು ತಲುಪುವಷ್ಟರಲ್ಲಿ ಮಣ್ಣಿನಲ್ಲಿ ದಫನ್ ಆಗಿಹೋಗಿತ್ತು.

ತಂದೆ ಹೋದ ಮೇಲೆ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ಅವ್ವನಿಗೆ ಸಸಿ ಬೆಳೆಸುವ ನರ್ಸರಿಯಲ್ಲಿ ದಿನಗೂಲಿ ಸಿಕ್ಕಿತು. ನಾನು ಗದಗಿನಲ್ಲಿ ಪದವಿ ಮುಗಿಸಿ, ಬೆಟಗೇರಿಯಲ್ಲಿ ಒಂದು ಖಾಸಗಿ ಶಾಲೆಗೆ ಸೇರಿದೆ. ಅವ್ವನನ್ನು ಅಲ್ಲಿಗೇ ಕರೆತಂದೆ. ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದೇವೆ.