ಸುಮಾಳ ಸಂಶೋಧನೆ, ನನ್ನ ಹೆಬ್ಬೆರಳು

ದಾವಣಗೆರೆಯ ಆನೆಕೊಂಡದ ನಮ್ಮ ಮನೆಯ ಹಿಂದೆ ಒಂದು ಶಾಲೆಯ ಮೈದಾನವಿದೆ. ಇವತ್ತು ಬೆಳಿಗ್ಗೆ ಅಲ್ಲಿ ಯಾರೋ ಸೀಟಿ ಊದಿದರು. ಅವರೆಕಾಯಿ ಬಿಡಿಸುತ್ತಿದ್ದ ನನ್ನ ಬಲಗೈ ಹೆಬ್ಬೆರಳು ಅದರ ಪಾಡಿಗೆ ಅದು ಒತ್ತಿಕೊಂಡಿತು, ಕಾಳೊಂದು ಹಾರಿ ಬಚ್ಚಲಿಗೆ ಬಿತ್ತು. ನಗಬೇಡಿ. ಒಂದು ಸಂಶೋಧನೆಯನ್ನು ಕೆಡಿಸಿದ ಹೆಬ್ಬೆರಳು ಇದು.

ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಪೇಪರ್ ಓದುವ ಚಟವಿದ್ದುದರಿಂದ ಅಕ್ಷರ ಉಳಿದುಕೊಂಡಿತು. ಸಂಶೋಧನೆ ಎಂದರೆ ದೊಡ್ಡ ದೊಡ್ಡ ಯಂತ್ರಗಳಿರುವ ಕೋಣೆ ಎಂದುಕೊಂಡಿದ್ದೆ. ಮೊಮ್ಮಗಳು ಸುಮಾ ದೈಹಿಕ ಶಿಕ್ಷಣದಲ್ಲಿ ದೊಡ್ಡ ಡಿಗ್ರಿಗೆ ಓದುತ್ತಿದ್ದಾಗ ಗೊತ್ತಾಯಿತು: ಅದಕ್ಕೆ ಒಂದು ಮೈದಾನ, ಒಂದು ಸೀಟಿ, ಒಂದು ಸ್ಟಾಪ್‌ವಾಚು ಸಾಕು. ಹೈಸ್ಕೂಲಿನ ಹನ್ನೆರಡು ಹುಡುಗಿಯರನ್ನು ಮೊದಲು ಒಮ್ಮೆ ಓಡಿಸಿ ಹೊತ್ತು ಅಳೆಯುವುದು, ಆರು ವಾರ ಅವರಿಂದ ಹಗ್ಗದಾಟ, ಅಂದರೆ ಸ್ಕಿಪ್ಪಿಂಗ್, ಆಡಿಸುವುದು, ಆಮೇಲೆ ಮತ್ತೆ ಓಡಿಸಿ ಅಳೆಯುವುದು. ಓಟ ಚುರುಕಾಗಿದ್ದರೆ ಹಗ್ಗದಾಟದಿಂದ ಲಾಭವಿದೆ ಎಂದು ಪುಸ್ತಕ ಬರೆದು ಕಾಲೇಜಿಗೆ ಒಪ್ಪಿಸುವುದು. ಡಿಗ್ರಿ ನಿಂತಿದ್ದು ಆ ಪುಸ್ತಕದ ಮೇಲೆ.

ಮೊದಲ ಸಲ ಅವಳ ಗೆಳತಿ ಸೀಟಿ ಊದಿದಳು, ಸುಮಾ ವಾಚು ಒತ್ತಿದಳು. ಎರಡನೇ ಸಲದ ದಿನ ಗೆಳತಿಗೆ ಜ್ವರ. ಶಾಲೆಗೆ ರಜೆ ಬೀಳಲು ಇನ್ನು ಮೂರೇ ದಿನ ಉಳಿದಿತ್ತು.

"ಅಜ್ಜಿ, ಸೀಟಿ ನಾನು ಊದ್ತೀನಿ, ನೀನು ಗೆರೆ ಹತ್ರ ನಿಂತ್ಕೊಂಡು ವಾಚು ಒತ್ತು. ಸೀಟಿ ಕೇಳಿದ್ರೆ ಒಂದ್ಸಲ, ಹುಡುಗಿ ಗೆರೆ ದಾಟಿದ್ರೆ ಇನ್ನೊಂದ್ಸಲ. ಅಷ್ಟೇ."

"ನನಗೆ ಕಣ್ಣು ಮಂಜು ಐತೆ ಕಣೇ."

"ಹುಡುಗಿ ಕಾಣ್ತಾಳಲ್ಲ? ಸಾಕು ಬಾ."

ಹೋದೆ. ಹೋಗಬಾರದಿತ್ತು, ಅದೂ ನಾನು. ಮದುವೆಯಾಗಿ ದಾವಣಗೆರೆಗೆ ಬಂದಾಗಿನಿಂದ ಸೊಂಟ ಕೈಕೊಡುವವರೆಗೂ ಮಂಡಕ್ಕಿ ಭಟ್ಟಿಯಲ್ಲಿ ಸೇರು ಹಿಡಿದು ಚೀಲಕ್ಕೆ ಅಳೆದು ಹಾಕಿದವಳು ನಾನು. ಅಲ್ಲಿ ಒಂದು ಕಟ್ಟುಪಾಡಿತ್ತು: ಬೆಳಿಗ್ಗೆ ಸೇರು ಹಿಡಿದವಳೇ ಸಂಜೆಯವರೆಗೂ ಹಿಡಿಯಬೇಕು. ನಡುವೆ ಅವಳು ಎದ್ದುಹೋದರೆ ಇನ್ನೊಬ್ಬಳು ಮುಂದುವರಿಸುವಂತಿಲ್ಲ. ಅರ್ಧ ತುಂಬಿದ ಚೀಲವನ್ನು ಸುರಿದು ಮೊದಲಿಂದ ಅಳೆಯಬೇಕು. ಒಬ್ಬಳು ಗೋಪುರ ಏರಿಸಿ ಅಳೆಯುತ್ತಾಳೆ, ಇನ್ನೊಬ್ಬಳು ಅಂಗೈಯಲ್ಲಿ ಸವರಿ ಅಳೆಯುತ್ತಾಳೆ. ಇಬ್ಬರೂ ಕಳ್ಳಿಯರಲ್ಲ, ಕೈ ಬೇರೆ ಅಷ್ಟೇ. ಇಷ್ಟು ಗೊತ್ತಿದ್ದೂ, ಮೊದಲ ಅಳತೆ ಸುಮಾಳ ಕೈಯದು ಎಂಬುದು ಆವತ್ತು ನನ್ನ ತಲೆಗೇ ಹೊಳೆಯಲಿಲ್ಲ. ವಾಚು ಮಿಷನ್ನಲ್ಲವೇ, ಅದು ಹೇಳಿದ್ದೇ ಲೆಕ್ಕ ಎಂದುಕೊಂಡೆ.

ಸಂಜೆ ಸುಮಾ ಲೆಕ್ಕ ಹಾಕಿ ಕುಣಿದಳು. "ಅಜ್ಜಿ, ಹನ್ನೆರಡು ಹುಡುಗೀರೂ ಮೊದಲಿಗಿಂತ ಬೇಗ ಓಡ್ಯಾರೆ! ಒಬ್ಬಳಾದ್ರೂ ಹಿಂದೆ ಬಿದ್ದಿಲ್ಲ!"

ಕೊಕ್ಕನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ರೇಣುಕಾ ಎಲ್ಲರಿಗಿಂತ ಮುಂದೆ. ಆ ಹುಡುಗಿಗೆ ಆಗಲೇ ಫೋನ್ ಮಾಡಿ ಹೇಳಿಯೂ ಆಗಿತ್ತು.

"ಒಬ್ಬಳಾದರೂ" ಎಂಬ ಮಾತು ನನಗೆ ಚುಚ್ಚಿತು. ಒಂದು ವರ್ಷ ಭಟ್ಟಿಯಲ್ಲಿ ಚೀಲಗಳೆಲ್ಲ ಕಡಿಮೆ ಬೀಳತೊಡಗಿದವು. ಮಾಲೀಕರು ನಮ್ಮನ್ನು ಬೈದರು, ನಾವು ಒಬ್ಬರನ್ನೊಬ್ಬರು ಬೈದುಕೊಂಡೆವು. ಕೊನೆಗೆ ನೋಡಿದರೆ ಸೇರಿನ ತಳ ಒಳಕ್ಕೆ ನೆಗ್ಗಿತ್ತು. ಕೈಯ ತಪ್ಪಾದರೆ ಒಂದು ಸೇರು ಹೆಚ್ಚು, ಒಂದು ಕಡಿಮೆ, ಚೀಲ ತುಂಬುವಷ್ಟರಲ್ಲಿ ಸರಿಹೋಗುತ್ತದೆ. ನೆಗ್ಗಿದ ಸೇರಿನಲ್ಲಿ ನೂರು ಸಲ ಅಳೆದರೂ ನೂರು ಸಲವೂ ಕಡಿಮೆಯೇ. ಎಲ್ಲವೂ ಒಂದೇ ಕಡೆಗೆ ವಾಲಿದರೆ ಮೊದಲು ಸೇರನ್ನು ತಿರುವಿ ನೋಡಬೇಕು.

ಈ ಸಲದ ಸೇರು ನಾನೇ. ಮೈದಾನವನ್ನು ನೆನಪಿಸಿಕೊಂಡೆ. ಸೀಟಿ ಕಿವಿಗೆ ಬಿದ್ದು, ಹೆಬ್ಬೆರಳಿಗೆ ಅರ್ಥವಾಗುವಷ್ಟರಲ್ಲಿ ಹುಡುಗಿ ನಾಲ್ಕು ಹೆಜ್ಜೆ ಕಿತ್ತಿರುತ್ತಿದ್ದಳು. ಕೊನೆಗೆ ಮೈಮೇಲೇ ಬರುತ್ತಾಳೇನೋ ಎಂಬ ಗಾಬರಿಗೆ ಗೆರೆ ಮುಟ್ಟುವ ಮೊದಲೇ ಒತ್ತುತ್ತಿದ್ದೆ. ಶುರು ತಡ, ಮುಗಿಸಿದ್ದು ಬೇಗ. ನನ್ನ ಮುಪ್ಪೆಲ್ಲ ಆ ಹುಡುಗಿಯರ ಚುರುಕುತನ ಎಂದು ಬರೆಸಿಕೊಂಡಿತ್ತು.

ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತಾ ಹೇಳಿಬಿಟ್ಟೆ. ಸುಮಾಳ ತುತ್ತು ಕೈಯಲ್ಲೇ ನಿಂತಿತು.

"ನಿನ್ನೆನೇ ಹೇಳಬಾರದಿತ್ತಾ?"

"ನಿನ್ನೆ ನೀನು ಕುಣೀತಿದ್ದೆ."

ಅವಳು ಎದ್ದು ಕೈ ತೊಳೆದಳು. ತಟ್ಟೆಯಲ್ಲಿ ಒಂದೂವರೆ ರೊಟ್ಟಿ ಹಾಗೇ ಇತ್ತು. "ಯಾರಿಗೂ ಗೊತ್ತಾಗಲ್ಲ, ಅಜ್ಜಿ" ಎಂದಳು, ನನಗಲ್ಲ, ಗೋಡೆಗೆ. ನಾನು ಇನ್ನೊಂದು ರೊಟ್ಟಿ ಬಡಿದೆ. ಅವಳ ಡಿಗ್ರಿ, ಅವಳ ತಲೆನೋವು.

ಸ್ವಲ್ಪ ಹೊತ್ತಿಗೆ ನನ್ನ ಕೈಗೆ ವಾಚು ಕೊಟ್ಟು, ತಾನು ಫೋನಿನ ಸ್ಟಾಪ್‌ವಾಚು ಹಿಡಿದು, ಎದುರುಮನೆಯ ಹುಡುಗಿಯನ್ನು ಬೀದಿಯಲ್ಲಿ ಏಳೆಂಟು ಸಲ ಓಡಿಸಿದಳು. ಒಂದೇ ಓಟಕ್ಕೆ ಇಬ್ಬರೂ ಬೇರೆ ಬೇರೆ ಒತ್ತಿದೆವು. ಪ್ರತಿ ಸಲವೂ ನನ್ನದೇ ಕಡಿಮೆ.

"ಇಷ್ಟು ಕಡಿಮೆ ಅಂತ ಗೊತ್ತಾತಲ್ಲ, ಅಷ್ಟನ್ನ ಕೂಡಿಸಿಬಿಡು" ಎಂದೆ.

"ಹೆಂಗೆ ಕೂಡ್ಸೋದು? ನೀನು ಒಂದೊಂದ್ಸಲ ಒಂದೊಂದಷ್ಟು ತಡ ಮಾಡ್ತೀಯ. ತಪ್ಪು ಮಾಡೋದ್ರಾಗೂ ಒಂದು ಶಿಸ್ತು ಬ್ಯಾಡ್ವಾ, ಅಜ್ಜಿ?"

ನಗುತ್ತಲೇ ಹೇಳಿದಳು, ಆದರೆ ಕಣ್ಣು ಒದ್ದೆಯಾಗಿತ್ತು.

ರಜೆಯ ಹಿಂದಿನ ದಿನ ಹುಡುಗಿಯರನ್ನೆಲ್ಲ ಮತ್ತೆ ಮೈದಾನಕ್ಕೆ ಕರೆಸಿದಳು. ಈ ಸಲ ಜ್ವರ ಬಿಟ್ಟ ಗೆಳತಿಯ ಸೀಟಿ, ಸುಮಾಳದೇ ಕೈ, ಒಬ್ಬೊಬ್ಬಳಿಗೂ ಮೂರು ಓಟ. ನಾನು ಹುಣಸೆಮರದ ಬುಡದಲ್ಲಿ ನೀರಿನ ಬಿಂದಿಗೆ ಕಾಯುತ್ತಿದ್ದೆ. ಒಬ್ಬಳದೇ ಮೂರು ಓಟದಲ್ಲಿ ಮೂರು ಲೆಕ್ಕ ಬರುತ್ತಿತ್ತು. ಕೆಲವರು ಮೊದಲಿಗಿಂತ ಚೂರು ಮುಂದೆ, ಕೆಲವರು ಚೂರು ಹಿಂದೆ. ಆ ಚೂರು, ಒಬ್ಬಳದೇ ಓಟಗಳ ನಡುವಿನ ಏರಿಳಿತಕ್ಕಿಂತ ದೊಡ್ಡದಾಗಿರಲಿಲ್ಲ. ಹಗ್ಗದಾಟದಿಂದ ಲಾಭವಾಯಿತು ಎನ್ನುವಂತಿಲ್ಲ, ಆಗಲಿಲ್ಲ ಎನ್ನುವಂತೆಯೂ ಇಲ್ಲ. ಆರು ವಾರದ ಬೆವರಿಗೆ ಸಿಕ್ಕ ಉತ್ತರ ಇಷ್ಟೇ.

ರೇಣುಕಾ ಬಂದು ಸುಮಾಳ ಎದುರಿಗೆ ನಿಂತಳು. "ಹಂಗಾದ್ರೆ ನಾನು ಜೋರಾಗಿ ಓಡಲಿಲ್ವಾ, ಅಕ್ಕ? ಮನೇಲೆಲ್ಲ ಹೇಳೀನಿ."

ಸುಮಾ ಅವಳ ಹೆಗಲು ಹಿಡಿದಳು. "ನೀನು ಓಡೀಯವ್ವ. ಎಷ್ಟು ಅಂತ ನಾವು ಸರಿಯಾಗಿ ಅಳೀಲಿಲ್ಲ. ಮನೇಲಿ ಹಂಗೇ ಹೇಳು."

ಸುಮಾ ಪುಸ್ತಕ ಒಪ್ಪಿಸಿದಳು. ಅಂಕ ಅಷ್ಟಕ್ಕಷ್ಟೇ ಬಂದವು, ಡಿಗ್ರಿ ಬಂತು. ಈಗ ಹರಿಹರದ ಶಾಲೆಯೊಂದರಲ್ಲಿ ಆಟದ ಟೀಚರು. ಕಪಾಟಿನಲ್ಲಿರುವ ಅವಳ ಪುಸ್ತಕ ಇಂಗ್ಲಿಷಿನದು. ಅದರಲ್ಲಿ ನನ್ನ ಬಗ್ಗೆ ಏನು ಬರೆದಿದ್ದಾಳೆಂದು ಇಷ್ಟು ದಿನ ಕೇಳಿರಲಿಲ್ಲ. ಕೇಳಲು ಅಂಜಿಕೆ ಎಂದೇ ಇಟ್ಟುಕೊಳ್ಳಿ.

ಇವತ್ತು ಅವಳು ಹರಿಹರದ ಬಸ್ಸಿಳಿದು ಬಂದು ಚಹಾ ಕುಡಿಯುವಾಗ ಕೇಳಿದೆ. ಹಾಳೆ ತಿರುವಿ ಒಂದು ಸಾಲನ್ನು ಕನ್ನಡ ಮಾಡಿ ಓದಿದಳು: "ಸಂಶೋಧಕಿಯ ತಪ್ಪಿನಿಂದಾಗಿ ಎರಡನೆಯ ಪರೀಕ್ಷೆಯ ಮೊದಲ ದಿನದ ಅಳತೆಗಳನ್ನು ಕೈಬಿಡಲಾಗಿದೆ."

"ಸಂಶೋಧಕಿ ಅಂದ್ರೆ ನೀನಲ್ವಾ? ಒತ್ತಿದ್ದು ನಾನು."

"ವಾಚು ನಿನ್ನ ಕೈಗೆ ಕೊಟ್ಟೋಳು ನಾನು."

ಅವಳು ಪುಸ್ತಕ ಮುಚ್ಚಿದಳು. ಇನ್ನರ್ಧ ಲೋಟ ಚಹಾ ಬೇಕಾ ಎಂದು ಕೇಳಿ, ಅವಳು ಬೇಡ ಎಂದರೂ ಸುರಿದೆ.