ಖಾಲಿ ಪೆಟ್ಟಿಗೆಯ ಕಾವಲು

ಗಂಡ ವೈರಿಂಗ್ ಕೆಲಸಕ್ಕೆ ಹೋದಲ್ಲೆಲ್ಲ ಅವಳೂ ಹೋಗುತ್ತಿದ್ದಳು. ಮೂವತ್ತೆರಡು ವರ್ಷ ಅವಳ ಕೆಲಸ ಒಂದೇ. ಮೇನ್ ಸ್ವಿಚ್ ಇಳಿಸುವುದು, ಅವನ ಕೆಲಸ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟದಂತೆ ಮುಂದೆ ನಿಲ್ಲುವುದು. ಒಳಗಿಂದ ಅವನು "ಆಯ್ತೇನೇ?" ಎಂದು ಕೂಗಬೇಕು, ಅವಳು "ಆಯ್ತು, ಕೈ ಹಾಕಿ" ಎನ್ನಬೇಕು. ಆ ದನಿ ಕೇಳದೆ ಅವನ ಬೆರಳು ತಂತಿಗೆ ತಾಗುತ್ತಿರಲಿಲ್ಲ. ಬೀದಿಯವರು ಅವಳನ್ನು ಮೇನ್‌ಸ್ವಿಚ್ಚಮ್ಮ ಎನ್ನುತ್ತಿದ್ದರು. "ಮನೇಲೂ ಅಷ್ಟೇ, ಇವಳು ಹಾಕಿದ್ರೆ ಉರೀಬೇಕು, ತೆಗೆದ್ರೆ ಆರಬೇಕು" ಎಂದು ಅವನು ನಗಿಸುತ್ತಿದ್ದ.

ಅವಳಿಗೆ ಮರೆವು ಶುರುವಾಗಿ ವರ್ಷವಾಗಿತ್ತು. ಸಾರಿಗೆ ಎರಡು ಸಲ ಉಪ್ಪು ಬೀಳುವುದು, ಕೈಯಲ್ಲೇ ಕೀ ಹಿಡಿದು ಮನೆಯೆಲ್ಲ ಹುಡುಕುವುದು. ಇಬ್ಬರೂ ನಕ್ಕು ದಾಟಿದ್ದರು. ಎರಡು ತಿಂಗಳ ಹಿಂದೆ ಒಂದು ಮನೆಯಲ್ಲಿ ಯಾರೋ "ಸೆಕೆ, ಫ್ಯಾನ್ ಬರ್ಲಿ" ಎಂದರು. ಅವಳು ಮೇನ್ ಎತ್ತಿಬಿಟ್ಟಳು. ಅವನ ಮೂರು ಬೆರಳು ಸುಟ್ಟವು. "ನಂದೇ ತಪ್ಪು, ಬೇರೆ ಲೈನಿಗೆ ಕೈ ಹಾಕಿದ್ದೆ" ಎಂದು ಅವಳಿಗೆ ಹೇಳಿದ. ಅಂದಿನಿಂದ ಕೆಲಸಕ್ಕೆ ಮೊದಲು ಗುಟ್ಟಾಗಿ ಫ್ಯೂಸನ್ನೇ ಕಿತ್ತು ಜೇಬಿಗೆ ಹಾಕಿಕೊಂಡು, ಮುಚ್ಚಳ ಮುಚ್ಚಿ, ಆಮೇಲೆ ಅವಳನ್ನು ಕರೆಯುತ್ತಿದ್ದ. ಅವಳ ಜಾಗ ಅವಳಿಗೆ ಉಳಿದರೆ ಸಾಕಿತ್ತು.

ಆ ದಿನ ಒಬ್ಬ ಟೀಚರ ಮನೆ. ಅವಳು ಹೊರಗೆ ಮೇನಿನ ಮುಂದೆ ನಿಂತಿದ್ದಳು. ಅಡುಗೆಮನೆಯ ಗೋಡೆಯೊಳಗೆ ಕೂರಿಸಿದ್ದ ಹಳೆಯ ಓವನ್ ತೆಗೆದು ಹೊಸದನ್ನು ಹಾಕಬೇಕಿತ್ತು. ಅಂಚಿನ ಸ್ಕ್ರೂಗಳನ್ನು ಬಿಚ್ಚಿ, ಅವನೂ ಟೀಚರೂ ಸೇರಿ ಅದನ್ನು ಹಸುಗೂಸಿನಂತೆ ಮೆಲ್ಲಗೆ ಈಚೆಗೆ ಎಳೆದು ಮೇಜಿನ ಮೇಲಿಟ್ಟರು. ಹಿಂದೆ ಮೂರು ತಂತಿ. ಒಂದರ ತೊಗಟೆ ಕಾದು ಕಪ್ಪಾಗಿತ್ತು.

"ಆಯ್ತೇನೇ?" ಎಂದು ಕೂಗಿದ.

ಉತ್ತರ ಬರಲಿಲ್ಲ. ಇನ್ನೊಮ್ಮೆ ಕೂಗಿ, ಎದ್ದು ಹೊರಗೆ ಬಂದ. ಅವಳು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಧೂಳು ಒರೆಸಲು ಹೋಗಿ ಅದನ್ನು ತೆರೆದಿದ್ದಳು. ನಾಲ್ಕು ಫ್ಯೂಸಿನ ಸಾಲಿನಲ್ಲಿ ಮೂರನೆಯದು ಇರಲಿಲ್ಲ. ಏನು ಮರೆತಿದ್ದರೂ ಖಾಲಿ ಜಾಗ ಅವಳ ಕಣ್ಣಿಗೆ ತಪ್ಪುವುದಲ್ಲ.

"ಯಾವಾಗಿಂದ?"

"ಏನು?"

"ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಮಾಡ್ಬೇಡಿ. ಯಾವಾಗಿಂದ?"

"ಕೈ ಸುಟ್ಟಾಗಿಂದ."

"ಹಾಗಾದ್ರೆ ಅವತ್ತು ಮೇನ್ ಎತ್ತಿದ್ದು ನಾನೇ." ಅವಳು ಅವನ ಬೆರಳುಗಳನ್ನು ನೋಡಿದಳು. "ಇಷ್ಟು ದಿನ ಖಾಲಿ ಪೆಟ್ಟಿಗೆ ಕಾದೆ. ಕೊಡಿ ಇಲ್ಲಿ ಫ್ಯೂಸು."

ಅವನ ಕೈ ತಾನಾಗಿಯೇ ಜೇಬನ್ನು ಮುಚ್ಚಿಕೊಂಡಿತು. ಅವಳು ಅದನ್ನೂ ನೋಡಿದಳು.

"ಬೇಡ, ಕೊಡಬೇಡಿ. ನಿಮ್ಮ ಜಾಗದಲ್ಲಿ ನಾನಿದ್ರೂ ಕೊಡ್ತಿರ್ಲಿಲ್ಲ."

ಅವಳು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಅವನು ಟೆಸ್ಟರ್ ಹಿಡಿದು ಮೂರು ಸಲ ನೋಡಿದ, ಸುಟ್ಟ ತುದಿ ಕತ್ತರಿಸಿದ, ಹೊಸ ಓವನ್ನಿಗೆ ತಂತಿ ಕಟ್ಟಿದ. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯಿತು. ಫ್ಯೂಸು ಹಾಕಿದ ಮೇಲೆ ಓವನ್ನಿನ ದೀಪ ಹತ್ತಿದಾಗ ಟೀಚರು ಚಪ್ಪಾಳೆ ತಟ್ಟಿದರು.

ದಾರಿಯಲ್ಲಿ ಅವಳು ಹೇಳಿದಳು, "ನಾಳೆಯಿಂದ ನಾನು ಬರಲ್ಲ. ನೆನಪಿರುವಾಗ್ಲೇ ಹೇಳ್ತಿದ್ದೀನಿ. ನಾಳೆ ಮರೆತು ಹೊರಟುಬಿಟ್ರೆ ಬೇಡ ಅಂತ ನೀವೇ ಹೇಳ್ಬೇಕು. ಬೈದಾದ್ರೂ ಸರಿ."

"ನಂಗೆ ಬೈಯೋಕೆ ಎಲ್ಲಿ ಬರುತ್ತೆ? ಆ ಖಾತೆ ನಿಂದು."

"ಕಲೀರಿ."

ಮರುದಿನ ಬೆಳಿಗ್ಗೆ ಅವನು ಟೆಸ್ಟರ್ ಹುಡುಕಿಕೊಂಡು ಹೊರಬಂದಾಗ ಅವಳು ತಲೆ ಬಾಚಿಕೊಂಡು, ಚಪ್ಪಲಿ ಮೆಟ್ಟಿ, ಸಾಮಾನಿನ ಚೀಲ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದಳು. "ಇವತ್ತು ಯಾರ ಮನೆ ರೀ?" ಎಂದಳು. ಮುಖದಲ್ಲಿ ನಿನ್ನೆಯದೇನೂ ಇರಲಿಲ್ಲ.

ಅವನಿಗೆ ಬೈಯಲು ಬರಲಿಲ್ಲ. ಚೀಲವನ್ನು ಅವಳ ಕೈಯಿಂದ ತೆಗೆದು ಕೆಳಗಿಟ್ಟ. ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಅವಳ ಚಪ್ಪಲಿ ಒಂದೊಂದಾಗಿ ಬಿಚ್ಚಿದ.