ಅರ್ತ್ ಇಲ್ಲದ ಮನೆಯಲ್ಲಿ ಕಾರು ಚಾರ್ಜಿಗೆ ಹಾಕಿದ್ದು

ಅಮ್ಮ ಚೆನ್ನಾಗಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಂಗತಿಯನ್ನು ಯಾರಿಗೆ ಹೇಳಲು ಹೊರಟರೂ ಕೇಳುವವರು ಏನೋ ಕೆಟ್ಟದ್ದೇ ಆಗಿಹೋಗಿದೆ ಎಂದು ಗಾಬರಿಯಾಗುತ್ತಾರೆ. ಅಂಥದ್ದೇನೂ ಆಗಲಿಲ್ಲ. ಅವಳ ಬಲಗೈ ಗೆಣ್ಣಿನ ಮೇಲೆ ಅವರೆಕಾಳಿನಷ್ಟು ಸುಟ್ಟ ಗಾಯವಾಗಿತ್ತು, ಅದೂ ಒಣಗಿತು. ಆದರೂ ಬೋರ್ಡಿನ ಮೇಲೆ ಬರೆಯುತ್ತಿರುವಾಗಲೋ, ಸಾರಿಗೆ ಒಗ್ಗರಣೆ ಹಾಕುವಾಗಲೋ ಅವಳ ಕೈ ನಮ್ಮ ಬಿಳಿ ಕಾರಿನ ಕಡೆಗೆ ಹೋಗುವುದು ಕಣ್ಣ ಮುಂದೆ ಬರುತ್ತದೆ. ಈ ಸಲವಾದರೂ ಕೂಗಬೇಕು ಎಂದುಕೊಳ್ಳುತ್ತೇನೆ. ಅಷ್ಟರಲ್ಲಿ ಒಗ್ಗರಣೆ ಸೀದಿರುತ್ತದೆ.

ನಾವಿರುವುದು ಕೊರಟಗೆರೆಯಲ್ಲಿ. ನಾನು ಹೊಳವನಹಳ್ಳಿ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರ್. ನನ್ನ ಗಂಡನಿಗೆ ಕೊಳಾಲದಲ್ಲಿ ಕೆಲಸ. ಕಳೆದ ವರ್ಷ ಇವರು ಹಳೆಯ ಪೆಟ್ರೋಲ್ ಕಾರನ್ನು ಮಾರಿ ಕರೆಂಟಿನ ಕಾರು ತಂದರು. ಪೆಟ್ರೋಲು, ಬ್ಯಾಟರಿ ಎರಡೂ ಇರುವ ಹೈಬ್ರಿಡ್ ಕಾರನ್ನೂ ನೋಡಿ ಬಂದಿದ್ದರು. ಬೆಲೆ ಕೇಳಿ ಹಿಂಜರಿದರು. ಜೊತೆಗೆ ನಮ್ಮ ಮೆಕ್ಯಾನಿಕ್, "ಅದು ಎರಡು ಸಂಸಾರ ಕಟ್ಕಂಡಂಗೆ ಸಾರ್. ಎರಡಕ್ಕೂ ಜವಾಬು ಹೇಳ್ಬೇಕು. ಕೆಟ್ರೆ ನನ್ ಕೈಲಾಗಲ್ಲ, ತುಮಕೂರಿಗೇ ಎಳ್ಕಂಡೋಗ್ಬೇಕು" ಅಂದಿದ್ದ. ಕರೆಂಟಿನ ಕಾರು ಕೆಟ್ಟರೂ ಅವನ ಕೈಲಾಗುವುದಿಲ್ಲ ಎಂಬುದು ಆಮೇಲೆ ಗೊತ್ತಾಯಿತು.

ಊರೊಳಗಿನ ಓಡಾಟಕ್ಕೆ ಆ ಕಾರಿನ ಮೇಲೆ ನನ್ನ ದೂರೇನೂ ಇಲ್ಲ. ಮನೆಯಲ್ಲಿ ಅದಕ್ಕೆಂದೇ ಪ್ಲಗ್ ಹಾಕಿಸಿದ್ದೇವೆ. ಮಲಗುವಾಗ ಚುಚ್ಚಿದರೆ ಬೆಳಿಗ್ಗೆ ಹೊಟ್ಟೆ ತುಂಬಿರುತ್ತದೆ. ದೂರ ಹೊರಟಾಗಲೇ ಕಷ್ಟ. ಹಳೆಯ ಕಾರಿನಲ್ಲಿ ನನ್ನ ತವರಿಗೆ ಹೋಗುವಾಗ ಎಷ್ಟು ದೂರ ಎಂದು ಒಮ್ಮೆಯೂ ಲೆಕ್ಕ ಹಾಕಿದವರಲ್ಲ ನಾವು. ಈಗ ಸೀಟಿನಲ್ಲಿ ಕೂತ ತಕ್ಷಣ ಇವರ ಕಣ್ಣು ಶೇಕಡಾ ಎಷ್ಟು ಉಳಿದಿದೆ ಎಂಬುದರ ಮೇಲೆಯೇ ಇರುತ್ತದೆ.

ತವರು ಇರುವುದು ವೈ.ಎನ್. ಹೊಸಕೋಟೆಯ ಹತ್ತಿರದ ಹಳ್ಳಿಯಲ್ಲಿ. ಬೇಸಿಗೆ ರಜೆಯಲ್ಲಿ ಅಮ್ಮನನ್ನು ನಾಲ್ಕು ದಿನ ಇರಲು ಕರೆತರಬೇಕಿತ್ತು. ಕಾರು ತಂದ ಮೇಲೆ ಅಲ್ಲಿಗೆ ಹೋಗುವುದು ಅದೇ ಮೊದಲು. ಅದೇ ದಿನ ಬೆಳಿಗ್ಗೆ ಶಿರಾದಲ್ಲಿ ಇವರ ಸಹೋದ್ಯೋಗಿಯ ಮಗಳ ನಿಕಾಹ್. ಅಲ್ಲಿ ಊಟ ಮುಗಿಸಿ ಮಧುಗಿರಿಯ ಮೇಲೆ ಪಾವಗಡದ ದಾರಿ ಹಿಡಿದೆವು. ಮಧುಗಿರಿ ದಾಟಿದ ಮೇಲೆ ಬ್ಯಾಟರಿ ಉಳಿಸಲು ಇವರು ಎ.ಸಿ. ಆರಿಸಿದರು. ಏಪ್ರಿಲ್ ಬಿಸಿಲು. ಕಿಟಕಿಯಿಂದ ಬರುವ ಗಾಳಿ ಒಲೆಯ ಮುಂದೆ ಕೂತ ಹಾಗಿತ್ತು. ಬಿರಿಯಾನಿ ತಿಂದ ಹೊಟ್ಟೆ ಬೇರೆ.

ಪಾವಗಡದಲ್ಲಿ ಚಾರ್ಜ್ ಮಾಡುವ ಜಾಗವೊಂದಿದೆ ಎಂದು ಫೋನ್ ತೋರಿಸುತ್ತಿತ್ತು. ಹೋಗಿ ನೋಡಿದರೆ ಯಂತ್ರದ ಮುಖ ಕಪ್ಪಾಗಿತ್ತು. ಇವರು ಫೋನಿನಲ್ಲಿ ಒತ್ತಿದರು, ಯಂತ್ರವನ್ನು ಒತ್ತಿದರು, ಸುತ್ತ ಒಂದು ಪ್ರದಕ್ಷಿಣೆಯನ್ನೂ ಹಾಕಿದರು. ಪಕ್ಕದ ಟೀ ಅಂಗಡಿಯವನು ನೋಡುತ್ತಲೇ ಇದ್ದವನು ಅರ್ಧ ತೆಲುಗಿನಲ್ಲಿ ಹೇಳಿದ.

"ಅದು ಪನಿ ಚೆಯ್ಯದು ಸಾರ್. ಕೆಟ್ಟೋಗಿ ಶಾನೆ ದಿನ ಆಯ್ತು. ಬಂದೋರೆಲ್ಲ ಇಂಗೇ ಒತ್ತಿ ಒತ್ತಿ, ಸುಸ್ತಾಗಿ ಟೀ ಕುಡ್ದು ಹೋಯ್ತಾರೆ. ನಂಗಂತೂ ಯಾಪಾರ ಸೆಂದಾಗೈತೆ."

ನಾವೂ ಟೀ ಕುಡಿದೆವು. ಆ ತಾಲ್ಲೂಕಿನಲ್ಲಿ ಮೈಲುಗಟ್ಟಲೆ ಸೋಲಾರ್ ಫಲಕಗಳು ಬಿಸಿಲಿಗೆ ಮುಖವೊಡ್ಡಿ ಮಲಗಿವೆ. ಅವು ಮಾಡುವ ಕರೆಂಟು ಎಲ್ಲಿಗೋ ಹೋಗುತ್ತದೆ. ನಾವು ಹನ್ನೆರಡು ಶೇಕಡಾ ಇಟ್ಟುಕೊಂಡು, ಗುಂಡಿ ಕಂಡರೂ ಜೀವ ಹೋದಂತಾಗಿ, ಮೂರು ಗಂಟೆಗೆ ತವರುಮನೆ ತಲುಪಿದೆವು.

ಇವರು ಇಳಿದವರೇ ಡಿಕ್ಕಿ ತೆಗೆದು ಚಾರ್ಜರ್ ಹೊರಗೆಳೆದರು. ನನ್ನ ತಮ್ಮ ಬಾಗಿಲಲ್ಲಿ ನಿಂತು ನಕ್ಕ. "ಏನ್ ಭಾವ, ಗಾಡಿ ಎತ್ತಿಗೆ ಮೇವು ಹುಡುಕ್ದಂಗೆ ಹುಡುಕ್ತೀರಲ್ಲ. ಮೊದ್ಲು ಕೈಕಾಲು ತೊಳ್ಕಳಿ."

"ಇದು ಮೇಯದಿದ್ರೆ ನಾಳೆ ನಾವು ಬಸ್ಸಿಗೆ ಹೋಗ್ಬೇಕು ಕಣಯ್ಯ."

ಚಾರ್ಜರಿನ ಮಧ್ಯದಲ್ಲಿ ಇಟ್ಟಿಗೆಯಷ್ಟು ದೊಡ್ಡ ಪೆಟ್ಟಿಗೆಯಿದೆ. ಜಗುಲಿಯ ಪ್ಲಗ್ಗಿಗೆ ಚುಚ್ಚಿದಾಗ ಅದರಲ್ಲಿ ಕೆಂಪು ದೀಪ ಹತ್ತಿತು. ಅರ್ತ್ ಇಲ್ಲ ಎಂದು ಅರ್ಥ. ವಸ್ತುವಿನ ಮೈಗೆ ಅಕಸ್ಮಾತ್ ಕರೆಂಟು ಹರಿದರೆ ಅದನ್ನು ನೆಲಕ್ಕಿಳಿಸುವ ತಂತಿ ಅರ್ತ್. ತವರುಮನೆಯ ಪ್ಲಗ್ಗಿಗೆ ಮೂರು ತೂತುಗಳಿವೆ, ಮೇಲಿನ ತೂತಿನ ಹಿಂದೆ ತಂತಿಯೇ ಇಲ್ಲ. ಅಲ್ಲಿ ಮಿಕ್ಸಿ, ಟಿ.ವಿ. ಎಲ್ಲ ಇಷ್ಟು ವರ್ಷ ನಡೆದಿವೆ. ಯಾವುದೂ ಈ ಪ್ರಶ್ನೆ ಕೇಳಿರಲಿಲ್ಲ.

"ಅದೇನ್ ಮಹಾ, ಅದಕ್ಕೆ ಅರ್ತ್ ತೋರಿಸಿದ್ರಾಯ್ತು" ಎಂದ ತಮ್ಮ. ಪ್ಲಗ್ಗಿನ ಮುಚ್ಚಳ ಬಿಚ್ಚಿ, ಒಂದು ಗೇಣು ವೈರು ಕತ್ತರಿಸಿ, ಅರ್ತಿನ ತೂತಿನಿಂದ ನ್ಯೂಟ್ರಲ್ ತೂತಿಗೆ ಜೋಡಿಸಿದ. ಪೆಟ್ಟಿಗೆಯಲ್ಲಿ ಹಸಿರು ದೀಪ ಬಂತು. ಇವರ ಮುಖದ ಮೇಲೂ ಬಂತು.

ನಾನು ಬಿ.ಎಸ್ಸಿ. ಓದಿದವಳು. ಈ ಪಾಠವನ್ನು ಮಕ್ಕಳಿಗೆ ವರ್ಷ ವರ್ಷ ಹೇಳುತ್ತೇನೆ. ಕರೆಂಟು ತರುವ ಫೇಸ್, ಅದನ್ನು ವಾಪಸು ಒಯ್ಯುವ ನ್ಯೂಟ್ರಲ್ ಎರಡೂ ಎಲ್ಲಾದರೂ ಅದಲು ಬದಲಾದರೆ ಆ ಒಂದು ಗೇಣು ವೈರು ಕರೆಂಟನ್ನು ನೇರವಾಗಿ ಕಾರಿನ ಮೈಗೇ ತಂದುಬಿಡುತ್ತದೆ ಎಂದು ನನಗೆ ಗೊತ್ತಿತ್ತು. ಬಾಯಿ ತೆರೆದೆ. ಇವರು ಆಗಲೇ, "ಇನ್ನು ನಾಳೆ ಮಧ್ಯಾಹ್ನಕ್ಕೆ ಯೋಚನೆಯಿಲ್ಲ" ಎಂದು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದರು. ಇಷ್ಟು ವರ್ಷ ಅದಲು ಬದಲಾಗದ್ದು ಇವತ್ತೇ ಆಗುತ್ತದೆಯೇ ಎಂದುಕೊಂಡೆ. ಬಾಯಿ ಮುಚ್ಚಿಕೊಂಡೆ.

ಐದೂವರೆ ಹೊತ್ತಿಗೆ ವೋಲ್ಟೇಜ್ ಬಿದ್ದುಹೋಯಿತು. ಫ್ಯಾನಿನ ರೆಕ್ಕೆಗಳನ್ನು ಎಣಿಸಬಹುದಿತ್ತು. ನಮ್ಮೂರಲ್ಲಿ ಇದಕ್ಕೆ ಲೈನ್‌ಮನ್‌ನನ್ನು ಕಾಯುವ ಪದ್ಧತಿಯಿಲ್ಲ. ಕಂಬದಿಂದ ಬಂದ ವೈರುಗಳನ್ನು ಮನೆಯ ಮೂಲೆಯಲ್ಲಿ ಕೈಯಿಂದಲೇ ಹೊಸೆದಿರುತ್ತಾರೆ. ಒಂದು ಫೇಸ್ ಸೊರಗಿದರೆ ಬಿಚ್ಚಿ ಇನ್ನೊಂದಕ್ಕೆ ಹೊಸೆಯುತ್ತಾರೆ. ಪಲ್ಯಕ್ಕೆ ಉಪ್ಪು ಸಾಲದಿದ್ದರೆ ಹಾಕಿಕೊಂಡ ಹಾಗೆ. ತಮ್ಮ ಮರದ ಸ್ಟೂಲ್ ಹತ್ತಿ, ಕಟಿಂಗ್ ಪ್ಲೇಯರ್ ಹಿಡಿದು ಅದನ್ನೇ ಮಾಡಿದ. ಫೇಸಿನ ಕೆಂಪು ವೈರು, ನ್ಯೂಟ್ರಲ್‌ನ ಕಪ್ಪು ವೈರು ಎರಡೂ ನಮ್ಮ ಕಡೆಯ ಬಿಸಿಲಿಗೆ ಬೆಳ್ಳಗೆ ಒಂದೇ ಬಣ್ಣವಾಗಿದ್ದವು. ಬಲ್ಬಿಗೂ ಫ್ಯಾನಿಗೂ ಯಾವುದು ಎಲ್ಲಿಗೆ ಬಂದರೂ ಒಂದೇ. ಹಾಗಾಗಿ ಯಾವುದು ಯಾವುದೆಂದು ನೋಡಿಕೊಳ್ಳುವ ಅಭ್ಯಾಸ ಅಲ್ಲಿ ಯಾರಿಗೂ ಇಲ್ಲ. ಫ್ಯಾನು ಜೋರಾಗಿ ತಿರುಗಿತು. "ನೋಡಿ ಭಾವ, ನಿಮ್ ಕಾರು ಈಗ ಗಟಗಟ ಕುಡೀತದೆ" ಎನ್ನುತ್ತ ತಮ್ಮ ಇಳಿದ.

ಅದಲು ಬದಲಾಗಿತ್ತು. ಕಾರು ಅಂಗಳದಲ್ಲಿ ಸುಮ್ಮನೆ ನಿಂತಿತ್ತು. ಹಸಿರು ದೀಪ ಉರಿಯುತ್ತಲೇ ಇತ್ತು.

ಅಮ್ಮ ದೀಪ ಹಚ್ಚುವ ಹೊತ್ತೆಂದು ಅಂಗಳಕ್ಕೆಲ್ಲ ನೀರು ಚಿಮುಕಿಸಿದಳು. ಮೊದಲ ಸಲ ಮನೆಗೆ ಬಂದ ಗಾಡಿಗೆ ಕುಂಕುಮ ಇಡಬೇಕೆಂದು ತಟ್ಟೆ ಹಿಡಿದು ಹೊರಗೆ ಬಂದಳು. ಬರಿಗಾಲು, ಒದ್ದೆ ನೆಲ. ನಾನು ಜಗುಲಿಯ ಮೇಲೆ ಕಡಲೆಕಾಯಿ ಬಿಡಿಸುತ್ತ ಕೂತಿದ್ದೆ. ಅವಳು ಕಾರಿನ ಮುಂದೆ ಹೋಗಿ ನಿಂತದ್ದನ್ನು, ತಟ್ಟೆಯನ್ನು ಎಡಗೈಗೆ ಬದಲಿಸಿದ್ದನ್ನು, ಬಲಗೈ ಚಾಚಿದ್ದನ್ನು ಎಲ್ಲ ನೋಡಿದೆ. ಕೈ ಕುಂಕುಮಕ್ಕೆ ಹೋಗಲಿಲ್ಲ. ಮೊದಲು ಬರಿಗೈ ಕಾರಿನ ಕಡೆಗೆ ಹೋಯಿತು. ಅಂಗೈಯಲ್ಲ, ಕೈಯ ಹಿಂಭಾಗ.

ಪಟ್ಟೆಂದು ಸದ್ದಾಯಿತು. ಕೈ ಹಿಂದಕ್ಕೆ ಚಿಮ್ಮಿತು. ತಟ್ಟೆ ಒಂದು ಕಡೆ, ಅಮ್ಮ ಒಂದು ಕಡೆ. ಕುಂಕುಮ ಒದ್ದೆ ನೆಲದ ಮೇಲೆಲ್ಲ ಚೆಲ್ಲಿತು. ಅದನ್ನು ನಾನು ರಕ್ತವೆಂದುಕೊಂಡೆ. ಓಡಿದೆ.

"ಮುಟ್ಬ್ಯಾಡ ಕಣಮ್ಮ ಅದ್ನ" ಎಂದಳು ಅಮ್ಮ, ಕೂತಲ್ಲಿಂದಲೇ. "ಕರೆಂಟ್ ಐತೆ. ಯಾರೂ ಹತ್ರ ಬರ್ಬ್ಯಾಡಿ. ಲೇ, ಮೈನ್ ತೆಗಿಯೋ."

ತಮ್ಮ ಮೈನ್ ಸ್ವಿಚ್ ಎಳೆದ. ನಾನು ಅವಳನ್ನು ಹಿಡಿದು ಎತ್ತಿದೆ. ಎದೆ ಮುಟ್ಟಿ ನೋಡಿಕೊಂಡಳು. "ಒಳಗೆ ಬಡಬಡ ಅಂತೈತೆ" ಎಂದಳು. ಇವರು ಬಿಳಿಚಿಕೊಂಡಿದ್ದರು. "ಆಸ್ಪತ್ರೆಗೆ ಹೋಗೋಣ, ಈಗ್ಲೇ" ಎಂದು ಕೈಗೆ ಒಣ ಬಟ್ಟೆ ಸುತ್ತಿಕೊಂಡು ಕಾರಿನ ಪ್ಲಗ್ ಕಿತ್ತರು. ಇಪ್ಪತ್ತೊಂದು ಶೇಕಡಾ ಆಗಿತ್ತು. ಪಾವಗಡಕ್ಕೆ ಹೋಗಲು ಸಾಕಿತ್ತು. ಆದರೆ ಬಾಗಿಲ ಹಿಡಿಗೆ ಕೈಹಾಕಲು ಅವರಿಗೂ ಧೈರ್ಯ ಬರಲಿಲ್ಲ, ಅಮ್ಮನನ್ನು ಅದರೊಳಗೆ ಕೂರಿಸಲು ನನಗೂ ಬರಲಿಲ್ಲ.

ಪಕ್ಕದ ಮನೆಯಲ್ಲಿ ಹಳೆಯ ಪೆಟ್ರೋಲ್ ವ್ಯಾನ್ ಇತ್ತು. ಅದರ ಟ್ಯಾಂಕೂ ಖಾಲಿ. ಆದರೆ ಚಿಲ್ಲರೆ ಅಂಗಡಿಯಲ್ಲಿ ನೀರಿನ ಬಾಟಲಿಗಳಲ್ಲಿ ಪೆಟ್ರೋಲು ತುಂಬಿಟ್ಟಿರುತ್ತಾರೆ. ತಮ್ಮ ಓಡಿಹೋಗಿ ಎರಡು ಬಾಟಲಿ ತಂದ, ಪೇಪರು ಸುರುಳಿ ಸುತ್ತಿ ಸುರಿದ. ಎಲ್ಲ ಐದು ನಿಮಿಷದಲ್ಲಿ. ಆ ವ್ಯಾನು ಕೆಮ್ಮಿ, ಹೊಗೆ ಕಾರಿ, ಹೊರಟಿತು. ಅದರ ವಾಸನೆಯನ್ನು ಅಷ್ಟು ಪ್ರೀತಿಯಿಂದ ನಾನು ಯಾವತ್ತೂ ಉಸಿರಾಡಿರಲಿಲ್ಲ.

ಪಾವಗಡದ ಆಸ್ಪತ್ರೆಯಲ್ಲಿ ಇ.ಸಿ.ಜಿ. ತೆಗೆದರು. ಪಟ್ಟಿಯನ್ನು ಡಾಕ್ಟರು ಎರಡು ಸಲ ಓದಿದರು. ಅಷ್ಟು ಹೊತ್ತು ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. "ಏನೂ ತೊಂದರೆಯಿಲ್ಲ. ಎರಡು ಗಂಟೆ ಮಲಗಿರಲಿ, ಇನ್ನೊಂದು ಸಲ ನೋಡಿ ಕಳಿಸ್ತೀನಿ" ಎಂದವರು, "ಅಂಗೈಯಲ್ಲಿ ಮುಟ್ಟಿದ್ದಿದ್ರೆ ಕಷ್ಟ ಇತ್ತು. ಹಿಂಗೈಯಲ್ಲಿ ಯಾಕೆ ಮುಟ್ಟಿದ್ರಿ ಅಮ್ಮ?" ಎಂದು ಕೇಳಿದರು.

ಅಮ್ಮನಿಗೆ ಅದು ಕೇಳುವ ಮಾತೇ ಅನ್ನಿಸಲಿಲ್ಲ. ಅಪ್ಪ ಇದ್ದಾಗಲೂ ಹೊಲದ ಮೋಟಾರ್ ಹಾಕುತ್ತಿದ್ದವಳು ಅವಳೇ. "ಸ್ಟಾರ್ಟರ್ ಡಬ್ಬ ಮುಟ್ಟೋಕ್ ಮುಂಚೆ ಹಿಂಗೈ ಕೊಟ್ಟು ನೋಡ್ಬೇಕಲ್ವ ಸಾರ್. ಅಂಗೈ ಕೊಟ್ರೆ ಹಿಡ್ಕಂಬುಡ್ತದೆ, ಹಿಂಗೈ ಕೊಟ್ರೆ ಒದ್ದು ಕಳಿಸ್ತದೆ. ವೈರ್ ಚುಚ್ಚಿರೋದು ಕಾರಾದ್ರೇನು, ಡಬ್ಬ ಆದ್ರೇನು."

ಡಾಕ್ಟರು ಹೋದ ಮೇಲೆ ತಮ್ಮ ಮಂಚದ ಕಾಲಿನ ಹತ್ತಿರ ನೆಲದಲ್ಲಿ ಕುಕ್ಕರಿಸಿದ. ಆಮೇಲೆ ತಲೆ ಎತ್ತದೆ, "ಅಕ್ಕ, ನಾನೇನೋ ಗೊತ್ತಿಲ್ದೋನು. ನೀನು ಓದ್ದೋಳು. ಒಂದ್ ಮಾತು ಹೇಳ್ಬಾರ್ದಿತ್ತಾ" ಎಂದ.

ಪೆಟ್ರೋಲ್ ಕಾರು ತಾನು ಹೋದ ಮನೆಯ ಗೋಡೆಯೊಳಗೆ ಏನಿದೆ ಎಂದು ಕೇಳುವುದಿಲ್ಲ. ಈ ಕಾರು ಕೇಳಿತ್ತು, ನೆಟ್ಟಗೆ ಕೆಂಪು ದೀಪ ಹಚ್ಚಿ ಕೇಳಿತ್ತು. ನಾವು ಸುಳ್ಳು ಹೇಳಿದೆವು, ಮೂವರೂ ಸೇರಿ.

"ಸುಮ್ಕಿರ್ಲಾ" ಎಂದಳು ಅಮ್ಮ. "ಅವ್ಳು ಹೇಳಿದ್ರೆ ನೀನು ಕೇಳೋನಾ? ಕರೆಂಟ್ ಇಸ್ಯ ನಂಗೆ ಹೇಳ್ಕೊಡ್ತೀಯ ಅಂತಿದ್ದೆ." ಎದೆ ತಟ್ಟಿಕೊಂಡು, "ನನ್ ಬ್ಯಾಟ್ರಿ ಸರಿಯಾಗೈತಂತೆ ಬುಡು. ಹೋಗಿ ಎರಡಿಡ್ಲಿ ತತ್ತಾ, ಹಸಿವಾಯ್ತೈತೆ" ಎಂದಳು. ತಮ್ಮ ನಕ್ಕು, ಅಳುತ್ತಲೇ ಎದ್ದುಹೋದ. ಎರಡನೆಯ ಇ.ಸಿ.ಜಿ.ಯೂ ಸರಿಯಾಗಿತ್ತು. ಅಮ್ಮ ಅಷ್ಟರಲ್ಲಿ ನಾಲ್ಕು ಇಡ್ಲಿ ತಿಂದಿದ್ದಳು.

ಮಾರನೆಯ ದಿನ ಹೊಸಕೋಟೆಯಿಂದ ವೈರಿಂಗ್ ಕೆಲಸದವನು ಬಂದ. ಮೂಲೆಯ ವೈರುಗಳಿಗೆ ಟೆಸ್ಟರ್ ಹಿಡಿದು ನೋಡಿ ನಾಲಗೆ ಕಚ್ಚಿಕೊಂಡ. ಅವನ್ನು ಸರಿಮಾಡಿ, ಪ್ಲಗ್ಗಿನ ಆ ಒಂದು ಗೇಣು ವೈರನ್ನು ಕಿತ್ತು ನನ್ನ ಗಂಡನ ಕೈಗೇ ಕೊಟ್ಟ. ಹಿತ್ತಿಲಲ್ಲಿ ಗುಂಡಿ ತೋಡಿ, ಇದ್ದಿಲು, ಉಪ್ಪು ತುಂಬಿ, ಪೈಪು ಹೂತು ನಿಜವಾದ ಅರ್ತ್ ಮಾಡಿದ. ಆಮೇಲೆ ಕಾರನ್ನು ಚುಚ್ಚಿದೆವು. ಅವನು ಟೆಸ್ಟರ್ ಹಿಡಿದು ಕಾರಿನ ಸುತ್ತ ನಾಲ್ಕು ಕಡೆ ತೋರಿಸಿದರೂ ನಾನು ಹತ್ತಿರ ಹೋಗಲಿಲ್ಲ. ನಡುವೆ ಎರಡು ಸಲ ಕರೆಂಟು ಹೋಯಿತು. ಬೇಕಾದಷ್ಟು ತುಂಬಲು ಆ ದಿನವಿಡೀ, ಅದರ ಮಾರನೆಯ ಮಧ್ಯಾಹ್ನದವರೆಗೂ ಹಿಡಿಯಿತು. ಬಾಟಲಿಯ ಪೆಟ್ರೋಲಿನ ಐದು ನಿಮಿಷವನ್ನು ನೆನೆದು ಇವರೇ, "ಹಳೇ ಕಾರು ಇಟ್ಕೋಬೇಕಿತ್ತು" ಎಂದರು. ಅದರಲ್ಲಿ ಬಂದಿದ್ದರೆ ಮನೆಗೆ ಅರ್ತ್ ಇಲ್ಲ ಎಂದು ನಮಗೆ ಯಾವತ್ತೂ ಗೊತ್ತಾಗುತ್ತಿರಲಿಲ್ಲ ಎಂದು ನಾನು ಯೋಚಿಸಿದೆ.

ಅಮ್ಮ ಬರುವುದಿಲ್ಲ ಎನ್ನುತ್ತಾಳೆ ಎಂದು ನಾನು ಎಣಿಸಿದ್ದೆ. ಅವಳು ಚೀಲ ಹಿಡಿದು ಬಂದು, "ವೈರ್ ತೆಗ್ದಿದ್ದೀರಾ ಅಳಿಯಂದ್ರೆ?" ಎಂದು ಕೇಳಿ, ತಾನೇ ಬಾಗಿಲು ತೆಗೆದು ಮುಂದಿನ ಸೀಟಿನಲ್ಲಿ ಕೂತಳು. ನಾನು ಹಿಂದೆ ಕೂತೆ. ಪಾವಗಡ ದಾಟುವುದರೊಳಗೆ ಅವಳ ಕತ್ತು ಕಿಟಕಿಯ ಕಡೆಗೆ ವಾಲಿತು. ಮಾತು ನಿಂತಿತು. ಮುಂದಕ್ಕೆ ಬಗ್ಗಿದೆ.

ಗೊರಕೆ ಹೊಡೆಯುತ್ತಿದ್ದಳು. ಹಳೆಯ ಕಾರಾಗಿದ್ದರೆ ಎಂಜಿನ್ ಸದ್ದಿನಲ್ಲಿ ಅದು ಕೇಳುತ್ತಲೇ ಇರಲಿಲ್ಲ. ಇವರು ಹಾಡು ಹಾಕಲೆಂದು ಕೈ ಮುಂದೆ ಮಾಡಿದರು. ಬೇಡ ಎಂದೆ. ಮಿಡಿಗೇಶಿಯವರೆಗೂ ಅವಳ ಉಸಿರು ಒಳಗೆ ಹೋಗುವುದನ್ನು, ಹೊರಗೆ ಬರುವುದನ್ನು ಕೇಳುತ್ತ ಕೂತೆ. ಶೇಕಡಾ ಎಷ್ಟು ಉಳಿದಿದೆ ಎಂದು ಇಬ್ಬರೂ ನೋಡಲಿಲ್ಲ.